ಪೌಂಡ್ ಚಿಹ್ನೆಯಾಗಿ ಬಂದ ‘ನ’

ನಮ್ಮ ಸಂಘದ ಸ್ಮರಣ ಸಂಚಿಕೆಗೆ ಲೇಖನಗಳನ್ನು ಇಮೇಲಿನಲ್ಲಿ ತರಿಸಿಕೊಂಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದ ಮೊದಲ ವರ್ಷ, ಹಿರಿಯರೊಬ್ಬರ ಬರಹವನ್ನು ತೆರೆದರೆ ಕನ್ನಡದ ಒಂದಕ್ಷರವೂ ಕಾಣಲಿಲ್ಲ. ತಲೆಯ ಮೇಲೆ ಗೆರೆ ಹೊತ್ತ ಲ್ಯಾಟಿನ್ ಅಕ್ಷರಗಳ ರಾಶಿಯಲ್ಲಿ, ‘ನ’ ಇರಬೇಕಾದ ಕಡೆಯಲ್ಲೆಲ್ಲ ಪೌಂಡ್ ಚಿಹ್ನೆ ಕುಳಿತಿತ್ತು. ಫೋನ್ ಮಾಡಿದಾಗ ಅವರು, “ನನಗೆ ಸರಿಯಾಗಿಯೇ ಕಾಣಿಸುತ್ತಿದೆಯಲ್ಲಪ್ಪ” ಎಂದರು. ಅವರ ಮಾತೂ ಸುಳ್ಳಲ್ಲ.

ಅವರು ಟೈಪ್ ಮಾಡಿದ್ದು ಯೂನಿಕೋಡ್ (ಪ್ರತಿ ಲಿಪಿಯ ಅಕ್ಷರಗಳಿಗೂ ಬೇರೆ ಬೇರೆ ಸಂಕೇತ ಕೊಡುವ ಜಾಗತಿಕ ವ್ಯವಸ್ಥೆ) ಅಲ್ಲದ, ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ. ಅಂಥ ಫಾಂಟುಗಳು ಲ್ಯಾಟಿನ್ ಸಂಕೇತಗಳಿಗೇ ಕನ್ನಡ ಅಕ್ಷರಗಳ ತುಣುಕುಗಳನ್ನು ತೊಡಿಸುವುದರಿಂದ, ಪತ್ರದ ಫಾರ್ಮ್ಯಾಟಿಂಗ್‌ನಲ್ಲಿ ಫಾಂಟಿನ ಹೆಸರು ಉಳಿದು, ಓದುವವರ ಕಂಪ್ಯೂಟರಿನಲ್ಲಿಯೂ ಅದೇ ಫಾಂಟ್ ಇದ್ದರೆ ಮಾತ್ರ ಅದು ಕನ್ನಡ; ಪ್ಲೇನ್ ಟೆಕ್ಸ್ಟ್ (ಫಾಂಟ್, ಬಣ್ಣಗಳಿಲ್ಲದ ಬರಿಯ ಪಠ್ಯ) ಆದೊಡನೆ ತೊಡುಗೆ ಕಳಚಿ ಬರಿಯ ಲ್ಯಾಟಿನ್ ಉಳಿಯುತ್ತದೆ. ಯೂನಿಕೋಡಿನಲ್ಲಾದರೆ ‘ನ’ ಎಂಬುದಕ್ಕೆ ತನ್ನದೇ ಸಂಕೇತವಿದೆ, ಫಾಂಟ್ ಬದಲಾದರೂ ಅದು ‘ನ’ವೇ.

ಅಂದಿನಿಂದ ಲೇಖಕರಲ್ಲಿ ನನ್ನ ಕೋರಿಕೆ ಒಂದೇ: ಬರಹವನ್ನು ಯೂನಿಕೋಡಿಗೆ ಪರಿವರ್ತಿಸಿ, ಜಿಮೇಲಿನ ಪತ್ರ ಬರೆಯುವ ಕಿಟಕಿಯಲ್ಲಿ ಮೂರು ಚುಕ್ಕಿಗಳನ್ನು ಒತ್ತಿ, ಪ್ಲೇನ್ ಟೆಕ್ಸ್ಟ್ ಮೋಡ್ ಆರಿಸಿಕೊಂಡು ಕಳುಹಿಸಬೇಕು. ಅಲ್ಲಿ ಕನ್ನಡವಾಗಿ ಕಂಡದ್ದು ನನ್ನಲ್ಲಿಯೂ ಕನ್ನಡವಾಗಿಯೇ ಕಾಣುತ್ತದೆ. ಬಣ್ಣ, ದಪ್ಪಕ್ಷರ, ವರ್ಡ್‌ನಿಂದ ಅಂಟಿಕೊಂಡು ಬರುವ ವಿಚಿತ್ರ ಅಂತರಗಳು ಹೋದವೆಂದು ನನಗೆ ದುಃಖವಿಲ್ಲ, ಏಕೆಂದರೆ ಪುಟವಿನ್ಯಾಸ ಮಾಡುವವರು ಅವನ್ನೆಲ್ಲ ಮೊದಲು ಕಿತ್ತುಹಾಕಿಯೇ ಕೆಲಸ ಆರಂಭಿಸುತ್ತಾರೆ. ಪುಸ್ತಕಗಳ ಹೆಸರನ್ನು ಓರೆಯಕ್ಷರದ ಬದಲು ಉದ್ಧರಣ ಚಿಹ್ನೆಯಲ್ಲಿ ಇಟ್ಟರೆ ಸಾಕು. ಕನ್ನಡ ಲಿಪಿಯನ್ನು ಓರೆಯಾಗಿಸಿದರೆ ಹೇಗೂ ಅಂದ ಕೆಡುತ್ತದೆ.

ಒಮ್ಮೆ ಕುತೂಹಲಕ್ಕೆ ಒಂದು ಪತ್ರದ ಮೂಲರೂಪವನ್ನು, ಎಂದರೆ ಅದು ಜಾಲದಲ್ಲಿ ಸಾಗಿಬಂದ ರೂಪವನ್ನು, ತೆರೆದು ನೋಡಿದೆ. ಒಂದು ‘ಕ’ ಒಂಬತ್ತು ಚಿಹ್ನೆಗಳಾಗಿ ಹರಡಿಕೊಂಡಿತ್ತು: ಯೂನಿಕೋಡ್ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಅದಕ್ಕೆ 3 ಬೈಟ್ ಬೇಕು, ಒಂದೊಂದು ಬೈಟನ್ನೂ ಸಮಚಿಹ್ನೆ ಮತ್ತು ಎರಡು ಅಂಕಿ-ಅಕ್ಷರಗಳಿಂದ ಬರೆಯಲಾಗಿತ್ತು. ಅದೇ ಪತ್ರದಲ್ಲಿ ಇಡೀ ಬರಹ ಪ್ಲೇನ್ ಆಗಿ ಒಮ್ಮೆ, ಬಣ್ಣ, ದಪ್ಪಕ್ಷರಗಳ ವಿವರ ಹೊತ್ತ ಎಚ್‌ಟಿಎಂಎಲ್ ಆಗಿ ಮತ್ತೊಮ್ಮೆ ಇತ್ತು. ಫಾರ್ಮ್ಯಾಟ್ ಮಾಡಿದ ಪತ್ರಗಳನ್ನು ಸಾಮಾನ್ಯವಾಗಿ ಹೀಗೆ ಜೋಡಿಯಾಗಿಯೇ ಕಳುಹಿಸಲಾಗುತ್ತದೆ.

ಕವಿತೆಗಳ ವಿಷಯದಲ್ಲಿ ಮಾತ್ರ ನನ್ನ ನಿಯಮ ಸೋತಿತು. ಪ್ಲೇನ್ ಟೆಕ್ಸ್ಟಿನಲ್ಲಿ ಉದ್ದನೆಯ ಸಾಲುಗಳು ನಡುವೆಯೇ ಮುರಿದು, ಕವಿ ಮುರಿದದ್ದು ಯಾವುದು, ಯಂತ್ರ ಮುರಿದದ್ದು ಯಾವುದು ಎಂದು ತಿಳಿಯದೆ, ಒಬ್ಬರಿಗೆ ಮೂರು ಬಾರಿ ಫೋನ್ ಮಾಡಬೇಕಾಯಿತು. ಈಗ ಕವಿತೆಗಳನ್ನು ಯೂನಿಕೋಡ್ ಕಡತವಾಗಿ ಲಗತ್ತಿಸಿ, ಜೊತೆಗೊಂದು ಪಿಡಿಎಫ್ ಇಡಿ ಎಂದು ಕೇಳುತ್ತೇನೆ.