ಹೊಸ ಇಂಟರ್ನೆಟ್ ಫೋನ್ ಬಂತಾ? ಮೊದಲು ರೂಟರ್ ನೋಡಿ

ಆಫೀಸಿಗೆ ಇಂಟರ್ನೆಟ್ ಫೋನ್ ಹಾಕಿಸಿದ್ದೀರಾ? ಡಬ್ಬಿ ಬಿಚ್ಚಿದ ಕೂಡಲೇ ರಿಂಗ್‌ಟೋನ್ ಆರಿಸಲು ಕೂರಬೇಡಿ.

ನಮ್ಮಲ್ಲಿ ಮೊದಲ ವಾರ ಒಂದೇ ಗೋಳು. ನಮ್ಮ ಮಾತು ಆಚೆಯವರಿಗೆ ಕೇಳುತ್ತಿತ್ತು, ಅವರ ದನಿ ನಮಗೆ ಇಲ್ಲ. "ಹಲೋ, ಹಲೋ" ಅಂತ ಕೂಗಿ ಗಂಟಲು ಒಣಗಿತು. ಸುಮ್ನೆ ಎರಡು ಫೋನ್ ಬದಲಿಸಿದೆವು. ಕೊನೆಗೆ ನೋಡಿದರೆ ರೂಟರ್‌ನಲ್ಲಿ 'ಸಿಪ್ ಎಎಲ್‌ಜಿ' ಅನ್ನೋ ಸೆಟ್ಟಿಂಗ್ ಆನ್ ಇತ್ತು. ಇಂಟರ್ನೆಟ್ ಕರೆಗಳು ರೂಟರ್ ದಾಟಲು ಸಹಾಯ ಮಾಡಲೆಂದೇ ಅದು ಇರುವುದು. ಆದರೆ ಪ್ಯಾಕೆಟ್ (ಕರೆಯ ಡೇಟಾದ ತುಣುಕು) ಒಳಗಿನ ವಿಳಾಸ ತಿದ್ದಲು ಹೋಗಿ ಕೆಡಿಸುವುದೇ ಜಾಸ್ತಿ. ಆಫ್ ಮಾಡಿ ರೂಟರ್ ರೀಸ್ಟಾರ್ಟ್ ಮಾಡಿದೆವು, ದನಿ ಬಂತು.

ವೇಗದ ಚಿಂತೆ ಬೇಡ. ಜಿ.711 ಕೋಡೆಕ್ (ದನಿಯನ್ನು ಡೇಟಾ ಆಗಿಸುವ ಒಂದು ವಿಧಾನ) ಇದ್ದರೆ ಒಂದು ಕರೆಗೆ ಹೋಗಲು, ಬರಲು ತಲಾ ಸುಮಾರು 90 ಕೆಬಿಪಿಎಸ್ ಸಾಕು. ಕಾಟ ಕೊಡುವುದು ದನಿ ತಲುಪುವಲ್ಲಿನ ವಿಳಂಬ. ಒಂದು ಕಡೆಗೆ 150 ಮಿಲಿಸೆಕೆಂಡ್ ದಾಟಿ ಏರುತ್ತಾ ಹೋದರೆ ಒಬ್ಬರ ಮಾತಿನ ಮೇಲೆ ಇನ್ನೊಬ್ಬರು ಮಾತಾಡುತ್ತೀರಿ. ಆದಷ್ಟು ವೈಫೈ ಬಿಟ್ಟು ಕೇಬಲ್ ಹಾಕಿ.

ಕರೆಂಟ್ ಹೋದರೆ ಫೋನೂ ಹೋಗುತ್ತದೆ, ಹಳೆ ತಾಮ್ರದ ಲೈನ್ ಥರ ಅಲ್ಲ. ರೂಟರ್, ನೆಟ್‌ವರ್ಕ್ ಸ್ವಿಚ್ (ಕೇಬಲ್‌ಗಳು ಸೇರುವ ಡಬ್ಬಿ) ಎರಡನ್ನೂ ಯುಪಿಎಸ್‌ಗೆ ಸೇರಿಸಿ. ಹಾಂ, ಹಳೆ ನಂಬರನ್ನೇ ಉಳಿಸಿಕೊಳ್ಳುವುದಾದರೆ, ಅದು ಹೊಸ ಕಡೆಗೆ ವರ್ಗವಾಗುವ ತನಕ ಹಳೆ ಲೈನ್ ರದ್ದು ಮಾಡಬೇಡಿ. ನಂಬರೇ ಕೈತಪ್ಪಬಹುದು.