ಕಾಠ್ಮಂಡುವಿಗೆ ಹೊರಟ ಚಿಕ್ಕಮಗಳೂರಿನವರಿಗೆ

ನೇಪಾಳಕ್ಕೆ ವೀಸಾ ಬೇಡ ಎಂಬ ಒಂದೇ ಮಾತು ನಮ್ಮವರನ್ನು ಕೆಡಿಸಿದೆ. ಧರ್ಮಸ್ಥಳಕ್ಕೆ ಹೊರಟಂತೆ ಆಧಾರ್ ಕಾರ್ಡನ್ನು ಜೇಬಿಗಿಳಿಸಿ ಹೊರಟುಬಿಡುತ್ತಾರೆ. ವಿಮಾನದಲ್ಲಿ ಹೋಗುವ ವಯಸ್ಕರಿಗೆ ಅದು ನಡೆಯುವುದಿಲ್ಲ. ಪಾಸ್‌ಪೋರ್ಟ್ ಇಲ್ಲವೇ ಚುನಾವಣಾ ಆಯೋಗದ ಮತದಾರರ ಚೀಟಿ ಬೇಕು. 15ರೊಳಗಿನ ಮಕ್ಕಳಿಗೆ ಮತ್ತು 65 ದಾಟಿದವರಿಗೆ ಮಾತ್ರ ಆಧಾರ್ ಸಾಕು. ಅಜ್ಜಿ, ಮೊಮ್ಮಗ ವಿಮಾನ ಹತ್ತಿ, ಮಗ ಸೊಸೆ ಬೆಂಗಳೂರಿನಲ್ಲೇ ಉಳಿಯುವಂತಾಗದಿರಲಿ.

ತೋಟದವರಿಗೆ ಕಾಲ ಹೊಂದಿಸುವುದೇ ಕಷ್ಟ. ಹಣ್ಣು ಕೊಯ್ದು ಮುಗಿಸಿ ಮಾರ್ಚ್‌ನಲ್ಲಿ ಹೊರಟರೆ ಅಲ್ಲಿ ಮಬ್ಬು ಕವಿದು ಹಿಮಾಲಯ ಕಾಣದೇ ಹೋಗಬಹುದು. ಆಕಾಶ ತೊಳೆದಿಟ್ಟಂತಿರುವುದು ಅಕ್ಟೋಬರಿನಲ್ಲಿ. ಆದರೆ ನಮ್ಮ ದಸರಾ ಹೊತ್ತಿಗೇ ಅಲ್ಲಿ ದಶೈಂ. ಊರಿಗೆ ಊರೇ ಮನೆಗೆ ಹೋಗಿ ಅಂಗಡಿಗಳು ಮುಚ್ಚಿರುತ್ತವೆ. ದಸರಾ ಕಳೆದು ದೀಪಾವಳಿ ಬರುವ ಮೊದಲಿನ ದಿನಗಳನ್ನು ನಾನು ಆರಿಸುತ್ತೇನೆ. ಅರೇಬಿಕಾ ಕೊಯ್ಲು ಕಾವೇರುವುದಕ್ಕೂ ಇನ್ನೂ ಸಮಯವಿರುತ್ತದೆ. ಎತ್ತರದ ಭಯ ಬೇಡ: ನಗರ ಇರುವುದು ಸುಮಾರು 1,400 ಮೀಟರ್‌ನಲ್ಲಿ, ಮುಳ್ಳಯ್ಯನಗಿರಿಯ ತುದಿಗಿಂತ ಬಹಳ ಕೆಳಗೆ. ಶನಿವಾರ ವಾರದ ರಜೆ, ಕಚೇರಿ ಕೆಲಸವಿದ್ದರೆ ನೆನಪಿರಲಿ.

ಇನ್ನು ದುಡ್ಡು. ಭಾರತದ 100 ರೂಪಾಯಿ ಅಲ್ಲಿನ 160ಕ್ಕೆ ಸಮ. ಈ ದರ 1993ರಿಂದ ಕದಲಿಲ್ಲ. ಲೆಕ್ಕ ಸುಲಭ, ಮೋಸವೂ ಅಷ್ಟೇ ಸುಲಭ. ವ್ಯಾಪಾರಿ ‘ಐದು ನೂರು’ ಎಂದರೆ ‘ಐಸಿಯೋ ಎನ್‌ಸಿಯೋ’ ಎಂದು ಕೇಳಿ. ಐಸಿ ಎಂದರೆ ನಮ್ಮ ದುಡ್ಡು, ಎನ್‌ಸಿ ಎಂದರೆ ಅವರದು. ನಾನು ಮೊದಲ ದಿನ ಕೇಳದೆ ಒಂದು ಶಾಲಿಗೆ ಐಸಿಯಲ್ಲೇ ಎಣಿಸಿಕೊಟ್ಟೆ. ಮನೆಯಲ್ಲಿ ಆ ಶಾಲನ್ನು ಈಗಲೂ ‘ದುಬಾರಿ ಶಾಲು’ ಎನ್ನುತ್ತಾರೆ. ನಗದಾಗಿ 100 ರೂಪಾಯಿ ನೋಟುಗಳನ್ನು ಒಯ್ಯುವುದು ಅನುಕೂಲ, ದೊಡ್ಡ ನೋಟುಗಳು 2025ರವರೆಗೆ ತಕರಾರು ತರುತ್ತಿದ್ದವು. ಫೋನ್‌ಪೇ ಹೆಸರಿನ ನೇಪಾಳಿ ಕ್ಯೂಆರ್ ಫಲಕಗಳಲ್ಲಿ 2024ರಿಂದ ನಮ್ಮ ಯುಪಿಐ ನಡೆಯುತ್ತದೆ. ಅದು ನಮ್ಮಲ್ಲಿನ ಅದೇ ಉಚ್ಚಾರದ ಕಂಪನಿಯಲ್ಲ, ಬೇರೆಯೇ ಸಂಸ್ಥೆ.

ಪಶುಪತಿನಾಥನ ಗುಡಿಗೆ ಚರ್ಮದ ಬೆಲ್ಟು, ಪರ್ಸು ಒಯ್ಯಬೇಡಿ. ಒಳಗೆ ಫೋಟೊ ತೆಗೆಯುವಂತಿಲ್ಲ. ಅಲ್ಲಿನ ಮುಖ್ಯ ಅರ್ಚಕರಾದ ಭಟ್ಟರು ಪರಂಪರೆಯಿಂದ ಕರ್ನಾಟಕದಿಂದ ಹೋದವರು. ಸರತಿಯಲ್ಲಿ ನಿಂತಾಗ ಗರ್ಭಗುಡಿಯ ಕಡೆಯಿಂದ ಕನ್ನಡ ಕೇಳಿದರೆ ಬೆಚ್ಚಬೇಡಿ. ಹಾಗೆಂದು ‘ನಾವೂ ಆ ಕಡೆಯವರೇ’ ಎಂದು ಸಾಲು ಹಾರುವ ಜಾಣತನ ಬೇಡ, ಅಲ್ಲಿ ಅದನ್ನು ಎಲ್ಲರೂ ಹೇಳುತ್ತಾರೆ.

ಊಟಕ್ಕೆ ದಾಲ್ ಭಾತ್ ಹೇಳಿ, ತಟ್ಟೆಗೆ ಮತ್ತೆ ಮತ್ತೆ ಬಡಿಸುತ್ತಾರೆ. ಮೊಮೊ ತಿನ್ನುವವರು ಪಟ್ಟಿಯಲ್ಲಿರುವ ‘ಬಫ್’ ಎಂದರೆ ಎಮ್ಮೆ ಕೋಣದ ಮಾಂಸ ಎಂದು ತಿಳಿದಿರಬೇಕು. ಬೇಲೂರಿನ ಕಲ್ಲು ನೋಡಿ ಬೆಳೆದ ಕಣ್ಣಿಗೆ ಕಾಠ್ಮಂಡು ಪಕ್ಕದ ಹಳೆಯ ಊರು ಭಕ್ತಪುರದ ಮರದ ಕೆತ್ತನೆ ಹೊಸದು; 1702ರ ಐದಂತಸ್ತಿನ ನ್ಯಾತಪೋಲ ದೇಗುಲ 2015ರ ಭೂಕಂಪದಲ್ಲೂ ನಿಂತಿತು. ಅಲ್ಲೇ ಮಣ್ಣಿನ ಮಡಕೆಯ ಜುಜು ಧೌ ಮೊಸರು ತಿನ್ನದೆ ಬರಬೇಡಿ.

ವಾಪಸಾಗುವ ದಿನ ಗಡಿಯಾರ ನೋಡಿ. ನೇಪಾಳದ ಸಮಯ ನಮಗಿಂತ 15 ನಿಮಿಷ ಮುಂದೆ, ಟಿಕೆಟ್‌ನಲ್ಲಿರುವ ಹೊರಡುವ ವೇಳೆ ಅವರದ್ದು.