ಹಾಕಿದ ಮೇಲೂ ಫೋಟೊ ನನ್ನದೇ: ಹದಿನೆಂಟು ಸಾವಿರ ವಸೂಲಾದ ಬಗೆ

ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಿಂದಲೂ ನೀರು ಬಿಟ್ಟಿದ್ದ ಒಂದು ಸಂಜೆ ಮುನಿರಾಬಾದ್ ಕಡೆಯಿಂದ ತೆಗೆದ ಫೋಟೊವನ್ನು ಇನ್‌ಸ್ಟಾಗ್ರಾಂಗೆ ಹಾಕಿದ್ದೆ. ಎರಡು ವಾರದೊಳಗೆ ಅದು ಒಂದು ವಸತಿಗೃಹದ ಪುಟದಲ್ಲಿ, ಆಮೇಲೆ ಹೆದ್ದಾರಿ ಬದಿಯ ಅದರ ಫ್ಲೆಕ್ಸಿನಲ್ಲಿ ಕಾಣಿಸಿತು. ಮೂಲೆಯಲ್ಲಿದ್ದ ನನ್ನ ಹೆಸರನ್ನು ಕತ್ತರಿಸಿದ್ದರು. “ನೆಟ್‌ಗೆ ಹಾಕಿದ್ ಮ್ಯಾಲೆ ಅದು ಮಂದಿದಾತು, ಬಿಡಪಾ” ಎಂದು ಕೊಪ್ಪಳದ ಸ್ಟುಡಿಯೊ ಗೆಳೆಯರೆಲ್ಲರೂ ಹೇಳಿದರು. ನಾನು ಬಿಡಲಿಲ್ಲ.

ಮೊದಲ ಆರು ತಿಂಗಳು ಬರೀ ಸೋಲು. ವಕೀಲರ ನೋಟಿಸಿಗೆ ಸುಮಾರು 3,500 ರೂಪಾಯಿ ಹೋಯಿತು. ಅದರೊಂದಿಗೆ ನನ್ನ ಪೋಸ್ಟಿನ ಸ್ಕ್ರೀನ್‌ಶಾಟ್ ಮಾತ್ರ ಇದ್ದುದರಿಂದ, “ಹಾಕಿದ್ದು ನೀವಿರಬಹುದು, ತೆಗೆದದ್ದು ನೀವೇ ಎನ್ನಲು ಏನು ಆಧಾರ?” ಎಂಬ ಉತ್ತರ ಬಂತು. ಜಾಲತಾಣಕ್ಕೆ ಕೊಟ್ಟ ದೂರು ಎರಡು ಸಲ ವಾಪಸಾಯಿತು. ಆ ಪೋಸ್ಟಿನ ಕೊಂಡಿಯ ಬದಲು ಇಡೀ ಪುಟದ ಕೊಂಡಿಯನ್ನು ಕೊಟ್ಟಿದ್ದು ನನ್ನದೇ ತಪ್ಪು.

ಆಮೇಲೆ ಹಾರ್ಡ್ ಡಿಸ್ಕ್ ತೆರೆದು ಕುಳಿತೆ. ಆ ಫೋಟೊದ ರಾ ಫೈಲ್, ಅಂದರೆ ಕ್ಯಾಮೆರಾ ದಾಖಲಿಸಿದ ತಿದ್ದದ ಮೂಲ ಕಡತ ಇತ್ತು, ಅದರ ಹಿಂದೆ ಮುಂದೆ ಕ್ರಮಸಂಖ್ಯೆ ತಪ್ಪದ ಹತ್ತು ಹನ್ನೆರಡು ಫ್ರೇಮುಗಳಿದ್ದವು. ಒಂದರಲ್ಲಿ ಎಡ ತುದಿಯಲ್ಲಿರುವ ಕೆಂಪು ಕೊಡೆ ಮುಂದಿನದರಲ್ಲಿ ಎರಡು ಗೇಟಿನಷ್ಟು ದೂರ ಸರಿದಿದೆ, ಅದರ ಮುಂದಿನದರಲ್ಲಿ ಇಲ್ಲವೇ ಇಲ್ಲ. ಈ ಸಾಲನ್ನು ಯಾವ ಕಳ್ಳನೂ ಸೃಷ್ಟಿಸಲಾರ. ಅವುಗಳ ಸಣ್ಣ ಪ್ರತಿಗಳನ್ನು ಒಂದೇ ಹಾಳೆಯಲ್ಲಿ ಮುದ್ರಿಸಿ, 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಸಿ) ಕಲಮು ಮತ್ತು 2013ರ ನಿಯಮಾವಳಿಯ 75ನೇ ನಿಯಮದಡಿ ಜಾಲತಾಣಕ್ಕೆ ಲಿಖಿತ ದೂರು ಕಳಿಸಿದೆ. 21 ದಿನಗಳೊಳಗೆ ನ್ಯಾಯಾಲಯದ ಆದೇಶ ತರುತ್ತೇನೆಂಬ ಮುಚ್ಚಳಿಕೆಯೂ ಅದರಲ್ಲಿರಬೇಕು. ಹಿಂದಿನ ದೂರುಗಳಲ್ಲಿ ಅದನ್ನು ನಾನು ಬರೆದೇ ಇರಲಿಲ್ಲ. ತೆಗೆಯಲು ನಿಯಮ ಕೊಡುವ 36 ಗಂಟೆ ಮುಗಿಯುವ ಮೊದಲೇ ಪೋಸ್ಟ್ ಮರೆಯಾಯಿತು. ಮಾರನೆಯ ದಿನ ಅದೇ ಹಾಳೆಯನ್ನು ಬಿಲ್ಲಿನೊಂದಿಗೆ ವಸತಿಗೃಹಕ್ಕೆ ತಲುಪಿಸಿದೆ. ಇಪ್ಪತ್ತೈದು ಕೇಳಿದ್ದೆ, ಹದಿನೆಂಟು ಸಾವಿರಕ್ಕೆ ಒಪ್ಪಂದವಾಯಿತು. ನಮ್ಮ ಭಾಗದಲ್ಲಿ ಹೀಗೆ ಹಣ ವಸೂಲು ಮಾಡಿದವರು ಇನ್ನೊಬ್ಬರಿರುವುದು ನನಗೆ ಗೊತ್ತಿಲ್ಲ.

ಅಂದಿನಿಂದ ನಾಲ್ಕೂ ಅಂಚನ್ನು ಸ್ವಲ್ಪ ಕತ್ತರಿಸಿ, 1,200 ಪಿಕ್ಸೆಲ್‌ಗೆ ಇಳಿಸಿಯೇ ಹಾಕುತ್ತೇನೆ. ಕತ್ತರಿಸಿದ ಅಂಚು ನನ್ನ ಬಳಿ ಮಾತ್ರ ಇರುತ್ತದೆ. ನೆರಳಿನ ಭಾಗದಲ್ಲಿ ಇನ್ನೊಂದು ಕೆಲಸವನ್ನೂ ಮಾಡುತ್ತೇನೆ, ಅದನ್ನು ಇಲ್ಲಿ ಬರೆಯುವುದಿಲ್ಲ.

ಕೃತಿಸ್ವಾಮ್ಯದ ನೋಂದಣಿಯನ್ನೂ ಪರೀಕ್ಷಿಸಿದೆ. ಒಂದು ಫೋಟೊಗೆ 500 ರೂಪಾಯಿ ಶುಲ್ಕ, ಅರ್ಜಿಗೆ ಕೊಡುವ ಡೈರಿ ಸಂಖ್ಯೆ ಸಿಕ್ಕ ಮೇಲೆ ಆಕ್ಷೇಪಣೆಗಾಗಿ 30 ದಿನ ಕಾಯಬೇಕು. ನೋಂದಣಿಯಿಲ್ಲದೆಯೂ ಹಕ್ಕು ನಮ್ಮದೇ ಆದ್ದರಿಂದ ತೀರಾ ಬೆಲೆಬಾಳುವ ಮೂರು ನಾಲ್ಕಕ್ಕೆ ಮಾತ್ರ ಇದನ್ನು ಉಳಿಸಿಕೊಂಡಿದ್ದೇನೆ.

ಆದರೆ ಮದುವೆ ಫೋಟೊಗಳ ವಿಷಯದಲ್ಲಿ ನಾನೇ ತಪ್ಪಿದ್ದೆ. ಹಣ ಕೊಟ್ಟು ತೆಗೆಸಿದವರೇ, ಬೇರೆ ಕರಾರು ಇಲ್ಲದಿದ್ದರೆ, 17ನೇ ಕಲಮಿನ ಪ್ರಕಾರ ಮೊದಲ ಮಾಲೀಕರು. ಹಾಗಾಗಿ ಗಿರಾಕಿಗಳನ್ನು ಕೇಳದೆ ನನ್ನ ಪುಟಕ್ಕೆ ಹಾಕಿದ್ದ ಸುಮಾರು ನಲವತ್ತನ್ನು ತೆಗೆದುಹಾಕಿದೆ. ಈಗ ಮುಂಗಡ ಪಡೆಯುವ ಹಾಳೆಯಲ್ಲೇ ಅದಕ್ಕೊಂದು ಸಾಲು ಸೇರಿಸಿ ಸಹಿ ಹಾಕಿಸಿಕೊಳ್ಳುತ್ತೇನೆ.

ಕಳೆದ ತಿಂಗಳು ಗಂಗಾವತಿಯ ಕ್ಯಾಲೆಂಡರ್ ಮುದ್ರಕರೊಬ್ಬರು ಮೊದಲೇ ಫೋನ್ ಮಾಡಿ ಅನುಮತಿ ಕೇಳಿದರು. ಅವರ ಪತ್ರದಲ್ಲಿ ಅವಧಿಯೇ ಇರಲಿಲ್ಲ. ಹಾಗೆ ಬಿಟ್ಟರೆ ಕಾಯ್ದೆ ಅದನ್ನು ಐದು ವರ್ಷವೆಂದು ಎಣಿಸುತ್ತದೆ. “ಒಂದು ವರ್ಷ, ಕ್ಯಾಲೆಂಡರಿಗೆ ಮಾತ್ರ” ಎಂದು ಕೈಯಲ್ಲೇ ಬರೆದು ಸಹಿ ಮಾಡಿ ಕಳಿಸಿದೆ.